ಎಸ್ಟಿಮೇಟಿನಲ್ಲಿ ಒಂದು ಗೀಟು

2024ರ ಜುಲೈ 23. ತೀರ್ಥಹಳ್ಳಿಯಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಸಂಜೆ ಮೊಬೈಲಿನಲ್ಲಿ ಕೇಂದ್ರ ಬಜೆಟ್ಟಿನ ಸುದ್ದಿ ನೋಡಿ ಅಪ್ಪಯ್ಯನಿಗೆ ಓದಿ ಹೇಳುತ್ತಿದ್ದೆ. ರಕ್ಷಣೆಗೆ ಸುಮಾರು 6.22 ಲಕ್ಷ ಕೋಟಿ. ಅದರಲ್ಲಿ ಗಡಿ ರಸ್ತೆ ಸಂಸ್ಥೆಯ ಬಂಡವಾಳ ಕೆಲಸಕ್ಕೆ 6,500 ಕೋಟಿ.

"ಸರಿ ಮಗಾ. ಮಾರ್ಚ್ 31ರೊಳಗೆ ಎಷ್ಟು ಕಟ್ಟಿ ಮುಗಿಸ್ತಾರಂತೆ?" ಎಂದರು.

ಅಪ್ಪಯ್ಯ ಸೇನೆಗೆ ಕಟ್ಟಡ ಕಟ್ಟಿಕೊಡುವ ಮಿಲಿಟರಿ ಎಂಜಿನಿಯರ್ ಸರ್ವೀಸಸ್‌ನಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದವರು. ಸಂಸತ್ತು ಒಪ್ಪುವ ದುಡ್ಡು ಒಂದು ವರ್ಷದ್ದು, ಮಾರ್ಚ್ 31ರವರೆಗೆ ಮಾತ್ರ. ಖರ್ಚಾಗದೆ ಉಳಿದದ್ದು ವಾಪಸ್. ಮಂಜೂರಾದ ಮೊತ್ತ ಶೇ 10ಕ್ಕಿಂತ ಜಾಸ್ತಿ ಮೀರಿದರೆ ಕಡತ ಮತ್ತೆ ಮೇಲಕ್ಕೆ ಹೋಗಬೇಕು. ಲೇಹ್‌ನಲ್ಲಿ ಕಟ್ಟುವ ಕೆಲಸ ನಡೆಯುವುದೇ ಮೇನಿಂದ ಅಕ್ಟೋಬರ್‌ವರೆಗೆ. ಟೆಂಡರ್ ತಡವಾಯಿತೋ, ಆ ವರ್ಷ ಹೋಯಿತು. ಇದೆಲ್ಲ ನಾನು ಚಿಕ್ಕಂದಿನಿಂದ ಕೇಳಿದ್ದೇ. ನಮ್ಮ ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ಗೆ 1986ರಲ್ಲಿ ಶಂಕುಸ್ಥಾಪನೆ ಆಗಿ, ನೌಕಾನೆಲೆ ಶುರುವಾಗಿದ್ದು 2005ರಲ್ಲಿ. ನಡುವೆ ದುಡ್ಡಿಲ್ಲದೆ ಕೆಲಸ ಕುಂಟಿತ್ತು.

ಅವತ್ತು ನನ್ನ ತಲೆಯಲ್ಲಿದ್ದದ್ದು ನಮ್ಮದೇ ಲೆಕ್ಕ. ಮನೆಗೆ ಹೊಸದಾಗಿ ಎರಡು ಕೋಣೆ ಸೇರಿಸುತ್ತಿದ್ದೆವು. ಮಳೆಗೆ ಮೊದಲೇ ಹೆಂಚು ಹೊದಿಸಿ ಆಗಿತ್ತು. ಬ್ಯಾಂಕಿನಿಂದ ತಂದ ಸಾಲದ ದುಡ್ಡು ಖರ್ಚಾಗಿ ಮುಗಿಯುತ್ತಾ ಬಂದಿತ್ತು. ಮೇಸ್ತ್ರಿ ಕೊಟ್ಟ ಎಸ್ಟಿಮೇಟ್ ಮುಂದಿಟ್ಟು, "ಸುತ್ತಲಿನ ಚರಂಡಿ ಈ ವರ್ಷ ಬಿಡೋಣ ಅಪ್ಪಯ್ಯ" ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅದುವರೆಗೆ ನನಗೆ ಹೇಳದೇ ಇದ್ದ ಒಂದು ವಿಷಯ ಹೇಳಿದರು.

ಈಶಾನ್ಯದ ಗುಡ್ಡದ ಊರು. ಆಗುಂಬೆಯಂಥದೇ ಮಳೆ. ಸೈನಿಕರ ಕ್ವಾರ್ಟರ್ಸ್ ಎಸ್ಟಿಮೇಟ್ ಮಿತಿ ದಾಟಿತ್ತು. ಮನೆಗಳ ಸಂಖ್ಯೆ ಇಳಿಸುವ ಹಾಗಿರಲಿಲ್ಲ. ಚರಂಡಿ ಕೈಬಿಟ್ಟರು. ಆ ತಿದ್ದುಪಡಿಯ ಮೊದಲ ಸಹಿ ಅಪ್ಪಯ್ಯನದೇ. ಮರುವರ್ಷ ಗೋಡೆಗಳು ಮೊಣಕಾಲೆತ್ತರಕ್ಕೆ ನೀರು ಕುಡಿದವು. ಒಬ್ಬ ಹವಾಲ್ದಾರರ ಹೆಂಡತಿ ಇವರನ್ನು ಒಳಗೆ ಕರೆದು, ಬೂಷ್ಟು ಹಿಡಿದ ಮಗುವಿನ ಹಾಸಿಗೆ ಎತ್ತಿ ತೋರಿಸಿದರಂತೆ.

"ಕಟ್ಟುವ ದುಡ್ಡು ಒಂದು ಲೆಕ್ಕ, ರಿಪೇರಿ ದುಡ್ಡು ಇನ್ನೊಂದು ಲೆಕ್ಕ. ಒಂದರಲ್ಲಿ ಉಳಿಸಿದ್ವಿ ಅಂತ ಬರೆದ್ವಿ. ಇನ್ನೊಂದರಲ್ಲಿ ವರ್ಷಾ ವರ್ಷಾ ಹೋಯ್ತು."

ಖರ್ಚಿಗೆ ಮಿತಿ ಬೇಕೇ ಬೇಕು. ಜನರ ದುಡ್ಡು, ಅಲ್ವಾ? ಅಪ್ಪಯ್ಯನೂ ಮಿತಿಯನ್ನು ಬೈದವರಲ್ಲ. ಆದರೆ ಕತ್ತರಿ ಎಲ್ಲಿಗೆ ಹಾಕಬೇಕು ಅಂತ ಹೇಳುವಾಗ ಆ ಊರಿನ ಮಳೆ ನೋಡಿದವರ ಮಾತು ಕೇಳಲೇಬೇಕು. ದೆಹಲಿಯ ಕಡತಕ್ಕೂ ನಮ್ಮ ಮೇಸ್ತ್ರಿಯ ಚೀಟಿಗೂ ಇದು ಒಂದೇ ಎಂದು ನನಗೆ ಅನ್ನಿಸುತ್ತದೆ.

ನಾನು ಟಾರ್ಚ್ ಹಿಡಿದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಚೀಟಿ ಪೂರ್ತಿ ಓದಿದರು. ನಾನು ಆಸೆಪಟ್ಟು ಬರೆಸಿದ್ದ ಪೋರ್ಟಿಕೋ ಮೇಲೆ ಉದ್ದಕ್ಕೆ ಗೀಟು ಎಳೆದರು. ಚರಂಡಿಯ ಅಗಲ ಒಂದು ಅಡಿ ಇತ್ತು, ಅದನ್ನು ಒಂದೂವರೆ ಮಾಡಿದರು.