ಒಂಬತ್ತನೆಯ ಪ್ರಶ್ನೆ

2024ರ ಆಗಸ್ಟ್ 3, ಶನಿವಾರ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಆವತ್ತು ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಮದ್ದುಸೊಪ್ಪಿನ ಪಾಯಸ ತಿನ್ನದೆ ಹೊರಗೆ ಬರುವ ಹಾಗಿಲ್ಲ. ನಾವು ಹೋಗಿದ್ದು ಪಾಯಸಕ್ಕಲ್ಲ, ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಹಿಡಿದುಕೊಂಡು.

ನಾವು ಅಂದರೆ ನಾನು, ನಮ್ಮ ಆಶಾ ಕಾರ್ಯಕರ್ತೆ ಅಕ್ಕ, ಮತ್ತೆ ಸ್ಕಾಟ್ಲೆಂಡಿನಿಂದ ಬಂದಿದ್ದ ಒಬ್ಬ ಹುಡುಗಿ. ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಸ್ಥೆಯೊಂದು ಅವಳನ್ನು ಮೂರು ತಿಂಗಳಿಗೆ ಸ್ವಯಂಸೇವಕಿಯಾಗಿ ಇಲ್ಲಿಗೆ ಕಳಿಸಿತ್ತು. ಮಳೆ ರಜೆ ಅಂತ ನನ್ನ ಟ್ಯೂಷನ್ ಮಕ್ಕಳು ಬರುತ್ತಿರಲಿಲ್ಲ, ಇಂಗ್ಲಿಷ್ ಬರುತ್ತದೆ ಅಂತ ಭಾಷಾಂತರಕ್ಕೆ ನನ್ನನ್ನು ಹಿಡಿದರು. ನಿಜ ಹೇಳಬೇಕೆಂದರೆ ಅವಳ ಮೇಲೆ ನನಗೆ ಅಷ್ಟೇನೂ ಭರವಸೆ ಇರಲಿಲ್ಲ. ಜಿಗಣೆಗೆ ಉಪ್ಪು ಹಚ್ಚುವುದು ಕಲಿಯುವಷ್ಟರಲ್ಲಿ ಇವರ ವೀಸಾ ಮುಗಿದಿರುತ್ತದೆ. ಊರಲ್ಲಿ ಉಳಿಯುವವರು ಆಶಾ ಅಕ್ಕ.

ಆದರೆ ಅವಳಿಗೆ ತನ್ನ ಮಿತಿ ಗೊತ್ತಿತ್ತು. ‘ನಾನು ಡಾಕ್ಟರಲ್ಲ, ಸಲಹೆ ಕೊಡುವುದಿಲ್ಲ, ಹಾಳೆ ತುಂಬಿಸಿ ಒಪ್ಪಿಸುವುದಷ್ಟೇ’ ಅಂತ ಮೊದಲ ದಿನವೇ ಹೇಳಿದ್ದಳು. ದಾರಿಯಲ್ಲಿ ಜಿಂಬಾಬ್ವೆಯ ಕಥೆ ಹೇಳಿದಳು. ಅಲ್ಲಿ 2006ರಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಹದಿನಾಲ್ಕು ಜನ ಅಜ್ಜಿಯರಿಗೆ ತರಬೇತಿ ಕೊಟ್ಟು, ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳಲು ಹಚ್ಚಿದರಂತೆ. ಅಲ್ಲಿಯವರು ಖಿನ್ನತೆ ಅನ್ನುವುದಿಲ್ಲ, ‘ಕುಫುಂಗಿಸಿಸಾ’ ಅನ್ನುತ್ತಾರೆ. ಅಂದರೆ ಅತಿಯಾಗಿ ಯೋಚಿಸುವುದು. ‘ನಾವೂ ಅದನ್ನೇ ಅನ್ನೋದಲ್ವಾ, ತಲೆಗೆ ಹಚ್ಕೊಂಡಿದ್ದಾರೆ ಅಂತ’ ಅಂದರು ಆಶಾ ಅಕ್ಕ.

ಮಾದಾಪುರದ ಕಡೆಯ ಒಂದು ಪುನರ್ವಸತಿ ಬಡಾವಣೆ. ಎಲ್ಲ ಮನೆಗಳೂ ಒಂದೇ ಅಳತೆ, ಸಾಲಾಗಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮನೆ ಕಳೆದುಕೊಂಡವರು ಇಲ್ಲಿದ್ದಾರೆ. ನಾವು ಹೋದ ಮನೆಯ ಅಜ್ಜಿ ಮಕ್ಕಂದೂರು ಕಡೆಯವರು. ಮೂರು ಎಕರೆ ರೋಬಸ್ಟಾ ಕಾಫಿ, ಕೊಟ್ಟಿಗೆ, ಎರಡು ಹಸು, ಎಲ್ಲ ಒಂದು ಬೆಳಿಗ್ಗೆಯಲ್ಲಿ ಕೆಸರಾಗಿ ಕೆಳಗಿಳಿದಿತ್ತು. ನನಗೆ ಅವರು ಮೊದಲಿಂದಲೂ ಪರಿಚಯ, ಅಮ್ಮನ ಕಡೆಯಿಂದ ದೂರದ ನೆಂಟರೂ ಹೌದು. ಈಗ ಯೋಚಿಸಿದರೆ, ಆ ಮನೆಗೆ ಭಾಷಾಂತರಕ್ಕೆ ನಾನು ಹೋಗಲೇಬಾರದಿತ್ತು.

ಟಿವಿಯಲ್ಲಿ ವಯನಾಡು. ಮಂಗಳವಾರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಕ್ಕೆ ಗುಡ್ಡ ಕುಸಿದಿತ್ತು. ಐದು ದಿನವಾಗಿದ್ದರೂ ಅದೇ ಕೆಸರು, ಅದೇ ಜೆಸಿಬಿ. ಅಜ್ಜಿ ಟಿವಿಯ ಸದ್ದು ತೆಗೆದಿದ್ದರು, ಆರಿಸಿರಲಿಲ್ಲ.

ಖಿನ್ನತೆ ಇದೆಯೇ ಅಂತ ನೋಡುವ ಆ ಹಾಳೆ ತುಂಬಾ ಸರಳ. ಕಳೆದ ಎರಡು ವಾರದಲ್ಲಿ ಹೀಗೆ ಆಗಿದೆಯೇ ಅಂತ ಒಂಬತ್ತು ಪ್ರಶ್ನೆ. ಇಲ್ಲವೇ ಇಲ್ಲ ಅಂದರೆ ಸೊನ್ನೆ, ಹೆಚ್ಚುಕಡಿಮೆ ದಿನಾ ಅಂದರೆ ಮೂರು. ಒಟ್ಟು 27. ಮೊದಲ ಪ್ರಶ್ನೆಗೇ ನಾನು ಎಡವಿದೆ. ‘ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯಾ ಅಜ್ಜಿ?’

‘ಆಸಕ್ತಿ ಅಂದ್ರೆ ಎಂತದು?’

‘ಮನಸ್ಸು ಬರ್ತದಾ, ಏನಾದ್ರೂ ಮಾಡೋಕೆ?’

‘ಇಲ್ಲಿ ಮಾಡೋಕೆ ಎಂತ ಉಂಟು ಮಗಾ?’

ಇದಕ್ಕೆ ಎಷ್ಟು ಅಂಕ? ನಿದ್ದೆ ಬರುತ್ತದಾ ಅಂದರೆ, ಬಿಸಿಲಿದ್ದರೆ ಬರುತ್ತದೆ ಅಂದರು. ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತಾರಂತೆ. ದಿಂಬಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ತೋರಿಸಿದರು: ಆಧಾರ್ ಕಾರ್ಡು, ಪಾಸ್‌ಬುಕ್, ಇಲ್ಲದ ತೋಟದ ಆರ್‌ಟಿಸಿ, ಒಂದು ಟಾರ್ಚು. ಆರು ವರ್ಷದಿಂದ ಹಾಗೇ ಇದೆ. ಹುಡುಗಿ ಚೀಲವನ್ನು ನೋಡಿದಳು, ಏನೂ ಬರೆಯಲಿಲ್ಲ.

ಎಂಟು ಪ್ರಶ್ನೆ ಮುಗಿಯಿತು. ಒಂಬತ್ತನೆಯದು, ಸತ್ತರೆ ಒಳ್ಳೆಯದಿತ್ತು ಅಂತ ಅನ್ನಿಸುತ್ತದೆಯೇ ಎನ್ನುವುದು. ಹಬ್ಬದ ದಿನ, ದೀಪ ಹಚ್ಚಿದ ಮನೆ. ಅಂಥ ಮಾತು ಬಾಯಲ್ಲಿ ಬರಬಾರದು, ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ ಅಂತ ಕೇಳಿಕೊಂಡು ಬೆಳೆದವಳು ನಾನು. ಹಾಳೆ ಮಡಿಸಿ, ‘ನೋ’ ಅಂದೆ. ಅವಳು ಸೊನ್ನೆ ಬರೆದುಕೊಂಡಳು. ಅಷ್ಟರಲ್ಲಿ ಪಾಯಸ ಬಂತು. ಅಕ್ಕಿ, ಬೆಲ್ಲ, ಕಾಯಿಹಾಲಿನ ಮೇಲೆ ಸೊಪ್ಪಿನ ರಸದ ಕಡುನೇರಳೆ. ಹದಿನೆಂಟನೆಯ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಇರುತ್ತದೆ ಅಂತ ಅಜ್ಜಿ ಹೇಳಿದರು. ಇದನ್ನು ಮಾತ್ರ ಚೆನ್ನಾಗಿ ಭಾಷಾಂತರಿಸಿದೆ. ಹುಡುಗಿ ಎರಡು ಬಟ್ಟಲು ತಿಂದಳು.

ಜೀಪು ಹತ್ತಿದ ಮೇಲೆ ಕೇಳಿದಳು: ‘ಎಂಟು ಸಲ ನೀನು ಕೇಳಿದೆ, ಎಂಟು ಸಲ ಅವರು ಉತ್ತರ ಕೊಟ್ಟರು. ಒಂಬತ್ತನೆಯದು ಯಾವಾಗ ಕೇಳಿದೆ?’

ಕನ್ನಡ ಬಾರದವಳು ಎಣಿಸಿಕೊಂಡು ಕೂತಿದ್ದಾಳೆ ಅಂತ ನನಗೇನು ಗೊತ್ತು. ಡ್ರೈವರ್ ಎದುರಿಗೇ ಮುಖ ಕೆಂಪಾಯಿತು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂದೆ. ಇಲ್ಲ, ಹಾಗಾಗುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ, ಕೇಳಿದರೆ ಹೆಚ್ಚಿನವರಿಗೆ ಹಗುರವೇ ಆಗುತ್ತದೆ ಅಂದಳು. ಆಮೇಲೆ ಇನ್ನೊಂದು ಮಾತು ಕೇಳಿದಳು, ಅದು ಈಗಲೂ ನನ್ನನ್ನು ಬಿಟ್ಟಿಲ್ಲ: ‘ನಿನ್ನ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಶಬ್ದದಲ್ಲಿ ಮುಗಿಯುತ್ತವೆ. ಅಲ್ವಾ, ಅಲ್ವಾ. ಹಾಗಂದರೇನು?’

ಹಾಗಂದರೆ ಉತ್ತರವನ್ನೂ ನಾನೇ ಕೊಟ್ಟುಬಿಡುವುದು. ‘ಊಟ ಸೇರ್ತದೆ ಅಲ್ವಾ ಅಜ್ಜಿ?’ ಅಂದರೆ ಯಾರು ಇಲ್ಲ ಅಂದಾರು?

ಜೀಪು ತಿರುಗಿಸಿದೆವು. ಅಜ್ಜಿ ಪಾತ್ರೆ ತೊಳೆಯುತ್ತಿದ್ದರು. ಕೊಡೆ ಮರೆತಿರಾ ಅಂದರು. ಒಂದು ಪ್ರಶ್ನೆ ಮರೆತೆ ಅಂದೆ. ಅಲ್ವಾ ಹಚ್ಚದೆ, ನೆಲ ನೋಡದೆ ಕೇಳಿದೆ.

ಅಜ್ಜಿ ಕೈ ಒರೆಸಿಕೊಂಡು ಕೂತರು. ‘ಅನ್ನಿಸ್ತದೆ. ಮಂಗಳವಾರದಿಂದ ದಿನಾ ಅನ್ನಿಸ್ತಾ ಉಂಟು. ಆವತ್ತೇ ತೋಟದ ಜೊತೆ ಹೋಗಿದ್ರೆ ಮುಗೀತಿತ್ತು ಅಂತ.’

ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ ಅಂತಲೂ ಕೇಳಿದೆ. ಅಟ್ಟದ ಕಡೆ ಗಲ್ಲ ಎತ್ತಿ ತೋರಿಸಿದರು. ಮಗ ಬೇರೆಯವರ ಶುಂಠಿ ಗದ್ದೆಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುವುದು. ಗದ್ದೆಗೆ ಹೊಡೆಯುವ ಔಷಧಿಯ ಡಬ್ಬ ಅಟ್ಟದಲ್ಲಿತ್ತು. ‘ಅದು ಕಾಣಬಾರದು ಅಂತ ಈ ಕಡೆ ತಿರುಗಿ ಮಲಗ್ತೇನೆ.’

ಅದರ ಮುಂದಿನದೆಲ್ಲ ಆಶಾ ಅಕ್ಕನದು. ಅಜ್ಜಿಯನ್ನು ಕೇಳಿಯೇ ಮಗನಿಗೆ ಫೋನ್ ಮಾಡಿದರು, ಅವನು ಸಂಜೆ ಬಸ್ಸಿಗೆ ಹೊರಟ. ಅವನು ಬರುವ ತನಕ ಪಕ್ಕದ ಮನೆಯ ಸೊಸೆಯನ್ನು ಕೂರಿಸಿದರು. ಹುಡುಗಿ ತನ್ನ ಸಂಸ್ಥೆಯ ಮೇಲಿನವರಿಗೆ ಆಗಲೇ ಫೋನಿನಲ್ಲಿ ತಿಳಿಸಿದಳು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ಅವತ್ತು ಕರೆದುಕೊಂಡು ಹೋಗುವುದು ಅಂತಾಯಿತು. ಅದಕ್ಕೂ ಮುಂಚೆ ನಡುರಾತ್ರಿಯಾದರೂ ಸರಿ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂತ 14416 ಅನ್ನು ಕ್ಯಾಲೆಂಡರಿನ ಮೇಲೆ ಬರೆದರು. ಅಜ್ಜಿ ನೋಡಿ, ‘ಆಗಸ್ಟ್ ಮುಗಿದ್ರೆ ಹಾಳೆ ಹರೀತೇವಲ್ಲ, ಬಾಗಿಲ ಹಿಂದೆ ಬರಿ’ ಅಂದರು. ಬಳಪದಲ್ಲಿ ದೊಡ್ಡದಾಗಿ ಬರೆಸಿದರು.

ಡಬ್ಬವನ್ನು ಅಕ್ಕಿ ಚೀಲದಲ್ಲಿ ಕಟ್ಟಿ ನಾವೇ ಒಯ್ದೆವು. ಸುಂಟಿಕೊಪ್ಪದವರೆಗೆ ಅದು ನಮ್ಮ ಕಾಲ ಬಳಿ ಗುಡುಗುಡು ಅನ್ನುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ. ಹುಡುಗಿ ಹಾಳೆ ತೆಗೆದು ಸೊನ್ನೆ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡು ಅಂತ ಪೆನ್ನು ನನ್ನ ಕೈಗೆ ಕೊಟ್ಟಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ಅವಳ ಫೋನು. ಗಾಬರಿಯಾಗಿದ್ದಾಳೆ, ದನಿ ನಡುಗುತ್ತಿದೆ. ಮೂತ್ರ ಕೆಂಪಗೆ ಹೋಗುತ್ತಿದೆ, ಯಾವ ಆಸ್ಪತ್ರೆಗೆ ಹೋಗಲಿ ಅಂತ. ಹಣೆ ಚಚ್ಚಿಕೊಂಡೆ. ಮದ್ದುಸೊಪ್ಪು ತಿಂದರೆ ಹಾಗೇ ಆಗುವುದು, ಬಣ್ಣ ಅಷ್ಟೇ, ಕೊಡಗಿನ ಮಕ್ಕಳಿಗೂ ಗೊತ್ತು. ಅವಳಿಗೆ ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಅಜ್ಜಿಯನ್ನು ನೋಡಲು ಹೋದಾಗ ಇದನ್ನು ಹೇಳಿದೆ. ಮಗ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದ. ಟಿವಿ ಆರಿತ್ತು. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

‘ಅದನ್ನೂ ನೀನು ಹೇಳ್ಲಿಲ್ವಾ?’ ಅಂದರು.