ಅಣ್ಣನ ಪೇಸ್ಲಿಪ್ ಮತ್ತು ಲೋನ್ ಚಾರ್ಜ್

2018ರ ಆಗಸ್ಟ್‌ನಲ್ಲಿ ಅತ್ತಿಗೆ ಫೋನ್ ಮಾಡಿ, "ನಿಮ್ಮಣ್ಣ ಸರಿಯಾಗಿ ನಿದ್ದೆನೇ ಮಾಡ್ತಿಲ್ಲ, ಒಂದ್ಸಲ ಬಂದು ಹೋಗಮ್ಮ" ಅಂದರು. ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಶಾಲೆಯ ಪೇರೋಲ್ ನೋಡಿಕೊಳ್ಳುತ್ತೇನೆ. ಅಣ್ಣ ಇರುವುದು ಸ್ವಿಂಡನ್‌ನಲ್ಲಿ, ರೈಲಿನಲ್ಲಿ ಅರ್ಧ ಗಂಟೆ. ಶನಿವಾರ ಬೆಳಗ್ಗೆಯೇ ಹೋದೆ.

ಅಣ್ಣ ಒಂದು ಚೀಲ ತಂದು ಊಟದ ಮೇಜಿನ ಮೇಲೆ ಸುರಿದ. ಎಲ್ಲಾ ತೆರಿಗೆ ಇಲಾಖೆಯ ಕಂದು ಲಕೋಟೆಗಳು. ಕೆಲವನ್ನು ಒಡೆದೇ ಇರಲಿಲ್ಲ. "ಸೆಪ್ಟೆಂಬರ್ 30ರೊಳಗೆ ಎಲ್ಲಾ ವಿವರ ಕೊಡ್ಬೇಕಂತೆ ಕಣೇ. ಇಲ್ದಿದ್ರೆ ಬರೋ ಏಪ್ರಿಲ್‌ಗೆ ಲೋನ್ ಚಾರ್ಜ್ ಹಾಕ್ತಾರಂತೆ" ಅಂದ. ಸಂಬಳವನ್ನು ಸಾಲದ ರೂಪದಲ್ಲಿ ಪಡೆದವರ ಮೇಲೆ ಇಲ್ಲಿನ ಸರ್ಕಾರ ಹಾಕಿದ ವಿಶೇಷ ತೆರಿಗೆ ಅದು.

ಅಣ್ಣ ಇಲ್ಲಿಗೆ ಬಂದಿದ್ದು 2007ರಲ್ಲಿ, ಹೆಚ್ಚು ಕೌಶಲ ಇರುವವರಿಗೆ ಕೊಡುತ್ತಿದ್ದ ಎಚ್‌ಎಸ್‌ಎಂಪಿ ವೀಸಾದಲ್ಲಿ. ಮರುವರ್ಷ ಐಟಿ ಕಾಂಟ್ರಾಕ್ಟ್ ಸಿಕ್ಕಿತು. ಆಗ ಕಾಂಟ್ರಾಕ್ಟರುಗಳಿಗೆಲ್ಲ ಐಆರ್35 ಎಂಬ ನಿಯಮದ ಭಯ. ಸ್ವಂತ ಕಂಪನಿ ಮಾಡಿಕೊಂಡವನನ್ನೂ ನೌಕರ ಅಂತಲೇ ಲೆಕ್ಕ ಹಾಕಿ ತೆರಿಗೆ ಕೇಳಬಹುದು. ಆ ತಲೆನೋವೇ ಬೇಡ, ನಮ್ಮಲ್ಲಿ ನೌಕರನಾಗಿ ಸೇರಿಕೋ, ನೂರಕ್ಕೆ 82 ನಿನ್ನ ಕೈಗೆ, ಎಲ್ಲಾ ಕಾನೂನು ಪ್ರಕಾರವೇ ಅಂತ ಒಂದು ಸಂಸ್ಥೆ ಹೇಳಿತು. ದೊಡ್ಡ ವಕೀಲರ ಅಭಿಪ್ರಾಯ ಇದೆ ಅಂತ ಕಾಗದವನ್ನೂ ತೋರಿಸಿತು. ಅಣ್ಣನ ಆಫೀಸಿನಲ್ಲಿ ಪಕ್ಕದ ಸೀಟಿನವರೂ ಅದರಲ್ಲೇ ಇದ್ದರು.

ಮೊದಲು ನಾನು ಕೇಳಿದ್ದೇ ಹಳೆಯ ಪೇಸ್ಲಿಪ್. ಅದರಲ್ಲಿ ಸಂಬಳ ಅಂತ ಇದ್ದದ್ದು ತಿಂಗಳಿಗೆ ಸಾವಿರ ಪೌಂಡ್ ಆಸುಪಾಸು. ಕನಿಷ್ಠ ವೇತನಕ್ಕೆ ಎಷ್ಟು ಬೇಕೋ ಅಷ್ಟೇ. ತೆರಿಗೆ ಹಿಡಿದಿದ್ದು ಅದರ ಮೇಲೆ ಮಾತ್ರ. ಉಳಿದದ್ದು ಐಲ್ ಆಫ್ ಮ್ಯಾನ್‌ನ ಒಂದು ಟ್ರಸ್ಟ್‌ನಿಂದ 'ಸಾಲ' ಅಂತ ಬ್ಯಾಂಕಿಗೆ ಬಂದಿತ್ತು. ತೀರಿಸಬೇಕಾದ ದಿನ ಅಂತ ಯಾವುದೂ ಇಲ್ಲ. ನೂರರಲ್ಲಿ ಮಿಕ್ಕ 18 ಎಲ್ಲಿ ಹೋಯಿತು ಅಂತ ಕೂತು ಲೆಕ್ಕ ಹಾಕಿದೆ. ಬಹುಪಾಲು ಸಂಸ್ಥೆಯ ಫೀಸು. ಅಣ್ಣ ಅಷ್ಟು ವರ್ಷವೂ ಅದರಲ್ಲಿ ಜಾಸ್ತಿ ಭಾಗ ತೆರಿಗೆಗೇ ಹೋಗುತ್ತಿದೆ ಅಂದುಕೊಂಡಿದ್ದ. ನನಗೆ ಹೊಟ್ಟೆ ಉರಿದುಹೋಯಿತು.

ಅಣ್ಣ ಏನನ್ನೂ ಮುಚ್ಚಿಟ್ಟಿರಲಿಲ್ಲ. ಪ್ರತಿ ವರ್ಷದ ರಿಟರ್ನ್‌ನಲ್ಲಿ ಸ್ಕೀಮಿನ ಎಂಟಂಕಿಯ ನಂಬರು ಬರೆದಿದ್ದ. ಇಂಥ ಸ್ಕೀಮುಗಳನ್ನು ಮಾರುವವರು ಸರ್ಕಾರಕ್ಕೆ ತಿಳಿಸಿ ಪಡೆಯಬೇಕಾದ ನಂಬರು ಅದು. ಒಪ್ಪಿಗೆಯ ಗುರುತಲ್ಲ. ಆದರೆ ಒಪ್ಪಿಗೆ ಎಂಬಂತೆಯೇ ಅದನ್ನು ಜನಕ್ಕೆ ತೋರಿಸುತ್ತಿದ್ದರು. ಸಾಲದ ಮೊತ್ತವನ್ನೂ ರಿಟರ್ನ್‌ನಲ್ಲಿ ಬರೆದು, ಬಡ್ಡಿಯಿಲ್ಲದ ಸಾಲ ಅಂತ ಅದರ ಮೇಲೆ ಸಣ್ಣ ತೆರಿಗೆಯನ್ನೂ ಕಟ್ಟಿದ್ದ. ಹಾಗಾದರೆ ಇಲಾಖೆಗೆ ಎಲ್ಲಾ ಗೊತ್ತಿತ್ತು, ಅಲ್ವಾ?

ಲಕೋಟೆಗಳನ್ನು ಒಂದೊಂದಾಗಿ ಒಡೆದು, ವರ್ಷದ ಪ್ರಕಾರ ನೆಲದ ಮೇಲೆ ಹರಡಿದೆ. 2008-09ಕ್ಕೆ ವಿಚಾರಣೆಯ ನೋಟಿಸ್ ಬಂದಿತ್ತು. 2011-12ಕ್ಕೂ ಬಂದಿತ್ತು. ನಡುವಿನ ಎರಡು ವರ್ಷಕ್ಕೆ ಏನೂ ಇಲ್ಲ. ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಿದ 12 ತಿಂಗಳೊಳಗೆ ಇಲಾಖೆ ವಿಚಾರಣೆ ಶುರು ಮಾಡಬೇಕು. ಆದರೆ 2017ರಲ್ಲಿ ತಂದ ಲೋನ್ ಚಾರ್ಜ್ ಕಾನೂನು ಈ ಗಡುವನ್ನೆಲ್ಲ ದಾಟಿ ಹೋಗುತ್ತಿತ್ತು. 1999ರ ಏಪ್ರಿಲ್‌ನಿಂದ ಈಚೆಗೆ ಪಡೆದ ಇಂಥ ಸಾಲ ಎಷ್ಟು ಬಾಕಿ ಇದ್ದರೂ, ಅದಷ್ಟನ್ನೂ 2018-19ರ ಒಂದೇ ವರ್ಷದ ಆದಾಯ ಅಂತ ಹಿಡಿಯುವುದು. ನಾಲ್ಕು ವರ್ಷದ ದುಡಿಮೆ ಒಂದೇ ವರ್ಷಕ್ಕೆ ಬಿದ್ದರೆ 40, 45 ಪರ್ಸೆಂಟ್ ತೆರಿಗೆ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಅಣ್ಣ?" ಅಂದೆ. ಅವನು ಮಾತಾಡಲಿಲ್ಲ. ಅತ್ತಿಗೆ ಹೇಳಿದರು, ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿಯ ಭಯ ಅಂತ. ಅವರಿಗೆ ಪೌರತ್ವ ಆಗಲೇ ಸಿಕ್ಕಿತ್ತು. ಆದರೂ ಭಯ. ತೆರಿಗೆ ಲೆಕ್ಕದಲ್ಲಿ ವ್ಯತ್ಯಾಸ ಇದೆ ಅಂತ ಎಷ್ಟೋ ಭಾರತೀಯರ ಅರ್ಜಿ ಆಗ ತಿರಸ್ಕಾರವಾಗುತ್ತಿದ್ದವು. ಅದು ಬೇರೆಯದೇ ವಿಷಯ. ಆದರೆ ಕಂದು ಲಕೋಟೆ ನೋಡಿ ನಡುಗುವವನಿಗೆ ಎರಡೂ ಒಂದೇ. ಯುಗಾದಿ ಕಾರ್ಯಕ್ರಮದಲ್ಲಿ ನಗುನಗುತ್ತಾ ಸಿಗುವ ನಮ್ಮವರಲ್ಲಿ ಇನ್ನೂ ಎಷ್ಟು ಜನ ಹೀಗೆ ಚೀಲ ಬಚ್ಚಿಟ್ಟಿದ್ದಾರೋ ಅನ್ನಿಸಿತು. ಲೋನ್ ಚಾರ್ಜ್‌ಗೆ ಸಿಕ್ಕಿಕೊಂಡವರಲ್ಲಿ ಹತ್ತು ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದನ್ನು ಮುಂದೆ ಇಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಅದನ್ನು ಓದಿದಾಗ ಅವತ್ತು ಅತ್ತಿಗೆ ಫೋನ್ ಮಾಡಿದ್ದು ಎಷ್ಟು ದೊಡ್ಡ ಉಪಕಾರ ಅನ್ನಿಸಿತು.

ತೆರಿಗೆ ಕಟ್ಟಬೇಕಾದ್ದು ಸರಿಯೇ. ನಾನು ಅದಕ್ಕೆ ಎದುರಾಡುವುದಿಲ್ಲ. ಅಣ್ಣ ದುಡಿದ ಹಣ ಅದು, ಸಂಬಳವೇ. 2017ರ ಜುಲೈನಲ್ಲಿ ಆಟಗಾರರಿಗೆ ಇದೇ ಥರ ಟ್ರಸ್ಟ್ ಮೂಲಕ ಸಾಲ ಕೊಡಿಸಿದ್ದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಟ್ರಸ್ಟ್‌ಗೆ ಹಾಕಿದಾಗಲೇ ಅದು ಸಂಬಳ, ತೆರಿಗೆ ಹಿಡಿದುಕೊಳ್ಳಬೇಕಾದದ್ದು ಕೆಲಸ ಕೊಟ್ಟವರು. ನನ್ನ ಕೆಲಸದಲ್ಲಿ ಒಬ್ಬ ಟೀಚರಿಗೆ ತೆರಿಗೆ ಹಿಡಿಯದೆ ಬಿಟ್ಟರೆ ಇಲಾಖೆ ಮೊದಲು ಕೇಳುವುದು ಶಾಲೆಯನ್ನು. ಇಲ್ಲಿ ಕೆಲಸ ಕೊಟ್ಟ ಸಂಸ್ಥೆ ಬಾಗಿಲು ಮುಚ್ಚಿತ್ತು. ಫೀಸು ತಿಂದವರ ಸುಳಿವಿಲ್ಲ. ಸಿಕ್ಕಿದವನು ಸಂಬಳ ಪಡೆದವನು ಒಬ್ಬನೇ.

ಸೆಪ್ಟೆಂಬರ್ ಗಡುವಿನೊಳಗೆ ವಿವರ ಕಳಿಸಿದೆವು. ಉತ್ತರ ಬರುವುದು ತಡವಾಯಿತು. 2019ರ ಡಿಸೆಂಬರ್‌ನಲ್ಲಿ ಲೋನ್ ಚಾರ್ಜ್ ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಸರ್ ಅಮ್ಯಾಸ್ ಮೋರ್ಸ್ ಅವರ ವರದಿ ಬಂತು. 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳನ್ನು ಲೋನ್ ಚಾರ್ಜ್‌ನಿಂದ ಬಿಟ್ಟರು. ಆಮೇಲಿನವುಗಳಲ್ಲೂ, ರಿಟರ್ನ್‌ನಲ್ಲಿ ಸರಿಯಾಗಿ ತಿಳಿಸಿದ್ದು ಇಲಾಖೆ ಸುಮ್ಮನಿದ್ದಿದ್ದರೆ ಅದನ್ನೂ ಬಿಟ್ಟರು. ನೆಲದ ಮೇಲೆ ಹರಡಿದ ಆ ಕಾಗದಗಳು ಉಪಯೋಗಕ್ಕೆ ಬಂದಿದ್ದು ಆಗ. ನೋಟಿಸ್ ಬಾರದ ಎರಡೂ ವರ್ಷ ಲೆಕ್ಕದಿಂದ ಹೊರಗೆ ಹೋದವು. 2008-09 ಲೋನ್ ಚಾರ್ಜ್‌ನಿಂದ ಹೊರಗಾದರೂ, ಅದರ ವಿಚಾರಣೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಆ ತೆರಿಗೆ ತಪ್ಪಲಿಲ್ಲ. ಉಳಿದ ಎರಡಕ್ಕೆ ಅಣ್ಣ ಮೈಸೂರಿನ ಸೈಟು ಮಾರಿ, 2020ರಲ್ಲಿ ಬಡ್ಡಿ ಸಮೇತ ಕಟ್ಟಿ ಮುಗಿಸಿದ. ಅಪ್ಪ ಕೊಡಿಸಿದ್ದ ಸೈಟು ಅದು.

2025ರಲ್ಲಿ ತೆರಿಗೆ ತಜ್ಞ ರೇ ಮೆಕ್ಯಾನ್ ಅವರಿಂದ ಸರ್ಕಾರ ಮತ್ತೊಂದು ಪರಿಶೀಲನೆ ಮಾಡಿಸಿತು. ನವೆಂಬರ್ ಬಜೆಟ್ ಜೊತೆ ವರದಿ ಹೊರಬಂತು. ಇನ್ನೂ ಬಾಕಿ ಇರುವವರಿಗೆ ಹಗುರವಾದ ಷರತ್ತು ಕೊಡುತ್ತಾರೆ, ಸ್ಕೀಮಿನವರಿಗೆ ತೆತ್ತ ಫೀಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಆಗಲೇ ಪೂರ್ತಿ ಕಟ್ಟಿ ಮುಗಿಸಿದವರಿಗೆ ಇದರಲ್ಲಿ ಏನೂ ಇಲ್ಲ. ಹೇಳಿದ ದಿನಕ್ಕೆ ಹೇಳಿದಷ್ಟು ಕಟ್ಟಿದವರನ್ನೇ ಹೊರಗಿಡುವುದು ಯಾವ ನ್ಯಾಯ? ಇಲ್ಲಿನ ನಮ್ಮ ಎಂಪಿಗೆ ಇದನ್ನೇ ಬರೆದು ಕಳಿಸಿದ್ದೇನೆ. ಅಣ್ಣ ಓದಿ, "ನನ್ನ ಹೆಸರನ್ನೂ ಹಾಕೇ, ಪರವಾಗಿಲ್ಲ" ಅಂದ.