ನಡುವೆ ಬರುತ್ತೆ ಅಂತ ನವನಗರದಲ್ಲಿ ರೂಮು ಹಾಕಿದ್ದೆ

ಹೋದ ವಾರ ಹಳೇ ಫೈಲುಗಳನ್ನು ಕಟ್ಟಿಡುವಾಗ ಬಾದಾಮಿಯ ಲಾಡ್ಜಿನ ಒಂದು ಬಿಲ್ಲು ಸಿಕ್ಕಿತು. ಎರಡು ತಾಸು ಮಲಗೋಕೆ ಅಂತ ಹಿಡಿದದ್ದು, ಬಾಡಿಗೆ ಪೂರ್ತಿ ದಿನದ್ದು. ಅದರ ಮೇಲೆ ನಮ್ಮ ಅಕೌಂಟ್ಸಿನವರು ಕೆಂಪು ಪೆನ್ನಿನಲ್ಲಿ ‘ವೌಚರ್ ಇಲ್ಲ’ ಅಂತ ಬರೆದಿದ್ದಾರೆ. ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಅದು ಹೋಗಲಿ. ಆ ರೂಮು ಯಾಕೆ ಬೇಕಾಯಿತು ಅನ್ನೋದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಬಾಗಲಕೋಟೆಯಲ್ಲಿ, ನವನಗರದ ಒಂದು ಸಣ್ಣ ಟ್ರಾವೆಲ್ಸಿನಲ್ಲಿ ಐಟಿನರಿ, ಅಂದರೆ ಪ್ರವಾಸದ ದಿನದಿನದ ಪ್ಲಾನು, ಮಾಡುತ್ತೇನೆ. ರೂಮು, ಗಾಡಿ, ಗೈಡು, ಡ್ರೈವರನ ಬಾಟಾ ಎಲ್ಲವನ್ನೂ ಕಾಸ್ಟಿಂಗ್ ಶೀಟಿಗೆ ತುಂಬುವುದು, ಮಾರ್ಜಿನ್ ಹಾಕುವುದು, ಮೇಲಿನವರು ಅದನ್ನು ಇನ್ನಷ್ಟು ಜಾಸ್ತಿ ಮಾಡು ಅಂದರೆ ಮತ್ತೆ ತುಂಬುವುದು. ಇಷ್ಟೇ ಕೆಲಸ.

ಎರಡು ವರ್ಷದ ಹಿಂದೆ, ಫೆಬ್ರವರಿ ಕೊನೆಯ ಟ್ರಿಪ್ಪಿಗೆ ಅಂತ ಬೆಂಗಳೂರಿನಿಂದ ಒಂದು ಎನ್‌ಕ್ವೈರಿ ಬಂತು. ಏಳು ಜನ, ಎರಡು ಸ್ವಂತ ಕಾರು, ನಾಲ್ಕು ರಾತ್ರಿ. ಫೋನಿನಲ್ಲಿ ಮಾತಾಡಿದ್ದು ಆ ಮನೆಯ ಮಗ, ಬಹಳ ಸ್ಪಷ್ಟವಾಗಿದ್ದರು. “ಬರೀ ದೇವಸ್ಥಾನ ನೋಡೋಕಲ್ಲ. ಬೆಳಗ್ಗೆ ಗುಡ್ಡದಲ್ಲಿ ನಡೀಬೇಕು, ಆಮೇಲೆ ಹಳ್ಳಿ ರಸ್ತೇಲಿ ನಿಧಾನಕ್ಕೆ ಗಾಡಿ ಓಡಿಸ್ಬೇಕು. ದಿನಾ ಬ್ಯಾಗ್ ಕಟ್ಟೋದು ಬೇಡ. ಒಂದೇ ಕಡೆ ಇಳ್ಕೊಂಡು ಅಲ್ಲಿಂದ ಓಡಾಡ್ತೀವಿ. ಅಮ್ಮ ರಿಟೈರ್ಡ್ ಟೀಚರು, ಅರವತ್ತೆಂಟು. ನಮಗಿಂತ ಚೆನ್ನಾಗಿ ನಡೀತಾರೆ.”

ಇಷ್ಟು ಬಿಡಿಸಿ ಹೇಳಿದ ಮೇಲೂ ನಾನು ಮಾಡಿದ್ದೇನು? ಮ್ಯಾಪ್ ತೆಗೆದೆ. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಅಂತ ಏಳು ಚುಕ್ಕಿ ಇಟ್ಟೆ. ದೂರದಿಂದ ನೋಡಿದರೆ ನಟ್ಟನಡುವೆ ಬಾಗಲಕೋಟೆ. ಉತ್ತರಕ್ಕೆ ವಿಜಯಪುರ ಸುಮಾರು 80 ಕಿಲೋಮೀಟರು, ದಕ್ಷಿಣಕ್ಕೆ ಬಾದಾಮಿ 40ರ ಹತ್ತಿರ. ಯಾವ ಕಡೆಗೂ ಎರಡು ತಾಸಿನ ಒಳಗೆ. ನವನಗರದ ಹೋಟೆಲಿನಲ್ಲಿ ಎಸಿ, ಲಿಫ್ಟು, ಎರಡು ಕಾರು ನಿಲ್ಲಿಸೋಕೆ ಜಾಗ. ಮೇಲಾಗಿ ಆ ಹೋಟೆಲಿನ ಜೊತೆ ನಮ್ಮ ಟೈ-ಅಪ್ ಇತ್ತು. ಮೂರು ರೂಮು, ನಾಲ್ಕು ರಾತ್ರಿ, ಹನ್ನೆರಡು ರೂಮ್-ನೈಟು. ಅಷ್ಟು ಬಂದರೆ ಆ ತಿಂಗಳ ಸ್ಲ್ಯಾಬ್, ಅಂದರೆ ಹೆಚ್ಚು ಕಮಿಷನ್ ಸಿಗುವ ಗೆರೆ, ದಾಟುತ್ತಿತ್ತು. ಇದನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳೋ ಅಗತ್ಯವೂ ಇರಲಿಲ್ಲ.

ಬಾದಾಮಿಯಿಂದ ಬನಶಂಕರಿ 5, ಮಹಾಕೂಟ 14, ಪಟ್ಟದಕಲ್ಲು 22, ಐಹೊಳೆ 35 ಕಿಲೋಮೀಟರು. ಇದು ನನಗೆ ಮಗ್ಗಿಯಷ್ಟೇ ಬಾಯಿಪಾಠ. ನಡೆಯೋ ಜಾಗಗಳೆಲ್ಲ ಬಾದಾಮಿಯ ಸುತ್ತಲೇ ಇವೆ ಅನ್ನೋದೂ ಗೊತ್ತು. ಆದರೂ ಒಂದೇ ಒಂದು ದಿನದ ಗೋಳಗುಮ್ಮಟಕ್ಕಾಗಿ ನಾಲ್ಕೂ ರಾತ್ರಿಯ ಹಾಸಿಗೆಯನ್ನು ಉತ್ತರಕ್ಕೆ ಎಳೆದುಬಿಟ್ಟಿದ್ದೆ. ಚುಕ್ಕಿಗಳನ್ನು ಎಣಿಸಿದ್ದೆನೇ ಹೊರತು ಯಾವ ಚುಕ್ಕಿಗೆ ಎಷ್ಟು ಸಲ, ಎಷ್ಟೊತ್ತಿಗೆ ಹೋಗಬೇಕು ಅಂತ ಎಣಿಸಲಿಲ್ಲ.

ಮೊದಲ ಪೆಟ್ಟು ಅವರು ಬಂದಿಳಿದ ಸಂಜೆಯೇ ಬಿತ್ತು. ಹುನಗುಂದದ ಕಡೆಯಿಂದ ಬಂದು, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಬಂದಿದ್ದರು. ಮಗ ನನ್ನ ಕೈಗೂ ಒಂದು ತುಂಡು ಕೊಟ್ಟು ಕೇಳಿದರು. “ಅಮೀನಗಡದ ಹತ್ರ ಐಹೊಳೆ ಬೋರ್ಡ್ ನೋಡಿದ್ವಿ. ಅದನ್ನ ದಾಟಿ ಇಷ್ಟು ದೂರ ಬಂದು, ಮತ್ತೆ ಐಹೊಳೆಗೇ ವಾಪಸ್ ಹೋಗ್ಬೇಕಾ?”

ಬಾಯಲ್ಲಿ ಕರದಂಟು ಇತ್ತು. “ಸರ್, ಇಲ್ಲಿ ಫೆಸಿಲಿಟಿ ಚೆನ್ನಾಗಿದೆ” ಅಂದೆ. ಅವರು ಲಿಫ್ಟಿನ ಕಡೆ ನೋಡಿದರು, ಏನೂ ಅನ್ನಲಿಲ್ಲ.

ಮರುದಿನದ ಪ್ಲಾನು ಬಾದಾಮಿಯ ಶಿಡ್ಲಫಡಿ. ಊರಿನಿಂದ ಗುಡ್ಡದ ಮೇಲೆ ಮೂರು ನಾಲ್ಕು ಕಿಲೋಮೀಟರು ಕಾಲುದಾರಿ. ಕುರುಚಲು ಕಾಡು, ಮುಳ್ಳು, ಮರಳುಗಲ್ಲು. ಕೊನೆಗೆ ಕಮಾನಿನ ಹಾಗೆ ನಿಂತ ದೊಡ್ಡ ಬಂಡೆ, ಅದರ ಕೆಳಗೆ ಆದಿಮಾನವರು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳು. ಶೀಟಿನಲ್ಲಿ ‘6.30ಕ್ಕೆ ನಡಿಗೆ ಶುರು’ ಅಂತ ಚೆಂದವಾಗಿ ಟೈಪ್ ಮಾಡಿದ್ದೆ. ಅಂದರೆ ನವನಗರ ಬಿಡಬೇಕಾದ್ದು 5.30ಕ್ಕೆ. ಹೋಟೆಲಿನ ಅಡುಗೆಮನೆ ತೆಗೆಯೋದೇ 7.30ಕ್ಕೆ. ಪಾರ್ಸಲ್ ನಾಷ್ಟಾ ಹೇಳಿದ್ದೆ, ರಾತ್ರಿ ಶಿಫ್ಟಿನವನು ಹೂಂ ಅಂದಿದ್ದ, ಬೆಳಗಿನವನಿಗೆ ಗೊತ್ತೇ ಇಲ್ಲ. ಕೌಂಟರಿನ ಮುಂದೆ ಏಳು ಜನ ಶೂ ಕಟ್ಟಿಕೊಂಡು ನಿಂತಿದ್ದಾರೆ. ಒಂದು ಕಪ್ ಚಹಾ ಕೂಡ ಇಲ್ಲ. ಉಪ್ಪಿಟ್ಟು ಬಂದಾಗ ಎಂಟು.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಸೀಸನ್ನು ಮುಗಿದಿರಲಿಲ್ಲ. ಎರಡೆರಡು ಟ್ರೇಲರು, ಮೇಲೆ ಮನೆಯೆತ್ತರ ಕಬ್ಬು, ಡ್ರೈವರನ ತಲೆಯ ಹಿಂದೆ ಸ್ಪೀಕರು. ನಮ್ಮವರಾದರೆ ಸಂದಿ ನೋಡಿ ನುಗ್ಗುತ್ತಾರೆ. ಈ ಮಗ ಪಾಪ, ಒಂದೊಂದರ ಹಿಂದೆಯೂ ಐದೈದು ನಿಮಿಷ ನಿಂತರು. ಟೀಚರಮ್ಮ ಮಾತ್ರ ಕಿಟಕಿ ಇಳಿಸಿ ಆ ಹಾಡಿಗೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತಿದ್ದೆ.

ಬಾದಾಮಿ ಮುಟ್ಟಿದಾಗ ಒಂಬತ್ತೂವರೆ. ಗೈಡ್ ಹುಡುಗ ಆರೂವರೆಯಿಂದ ಕಾದು ಕೂತಿದ್ದ. ಸೂರ್ಯನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದ. “ಸರ, ಹೊತ್ತಾತ್ರೀ. ಇವತ್ತು ಬ್ಯಾಡ. ನಾಳೆ ಮುಂಜಾನೆ ಕರ್ಕೊಂಡು ಹೋಗ್ತೀನಿ.”

ಇಲ್ಲೇ ನಾನು ಎಡವಿದ್ದು. ಗೈಡಿನ ವೌಚರು ಆ ದಿನದ್ದು. ನಾಳೆಗೆ ಹಾಕಿದರೆ ಮತ್ತೊಂದು ಅಪ್ರೂವಲ್, ಮತ್ತೊಂದು ಮೇಲ್, ಮತ್ತೊಂದು ‘ಯಾಕೆ’. ಫೆಬ್ರವರಿ ತಾನೇ, ಏನಾಗುತ್ತೆ ಅಂದುಕೊಂಡೆ. “ನಿಧಾನಕ್ಕೆ ಹೋಗಿ ಬರ್ರಿ” ಅಂದೆ. ತಲೆಗೊಂದರಂತೆ ನೀರಿನ ಬಾಟಲಿ ಕೊಟ್ಟು ಕಳಿಸಿದೆ. ನಾನು ಕೆಳಗೇ ಉಳಿದೆ, ನಾಷ್ಟಾದ ಬಗ್ಗೆ ಹೋಟೆಲಿನವರ ಜೊತೆ ಫೋನಿನಲ್ಲಿ ಜಗಳ ಆಡೋದಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಫೋನು ಬಂತು. “ಅಮ್ಮ ಕೂತ್ಬಿಟ್ಟಿದ್ದಾರೆ. ತಲೆ ಸುತ್ತು ಅಂತ... ನೀರು...” ಅಷ್ಟೇ. ಕಟ್ಟಾಯಿತು.

ವಾಪಸ್ ಮಾಡಿದೆ. ನಾಟ್ ರೀಚಬಲ್. ಗೈಡ್ ಹುಡುಗನಿಗೆ ಮಾಡಿದೆ. ಅದೂ ಇಲ್ಲ. ಆಮೇಲೆ ನೋಡಿದರೆ ನಾಲ್ಕು ನಿಮಿಷದಲ್ಲಿ ಹನ್ನೊಂದು ಸಲ ಒತ್ತಿದ್ದೆ. 108 ಅಂತ ಟೈಪ್ ಮಾಡಿ ಬೆರಳು ಹಾಗೇ ನಿಂತಿತು. ಎಲ್ಲಿಗೆ ಬನ್ನಿ ಅಂತ ಹೇಳಲಿ? ಆ ಗುಡ್ಡಕ್ಕೆ ಗಾಡಿ ಹತ್ತಲ್ಲ. ಮೆಡಿಕಲ್ ಶಾಪಿಗೆ ಓಡಿ ಓಆರ್‌ಎಸ್ ಪಾಕೀಟು ತೆಗೆದುಕೊಂಡೆ, ಎರಡು ದೊಡ್ಡ ನೀರಿನ ಬಾಟಲಿ ಎತ್ತಿಕೊಂಡೆ, ಗುಡ್ಡ ಹತ್ತಿದೆ. ಕಾಲಲ್ಲಿ ಆಫೀಸಿಗೆ ಹಾಕುವ ಚಪ್ಪಲಿ. ಬಂಡೆ ಕಾದು ಹಂಚಾಗಿತ್ತು. ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದು ಒಂದು ಕಾಲಲ್ಲಿ ಕುಣಿಯುತ್ತಾ ನಡೆದೆ. ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಿತ್ತು. ಮಗನಿಗೆ ಏನು ಹೇಳೋದು, ಗೈಡ್ ಹುಡುಗ ಬೇಡ ಅಂದಿದ್ದನ್ನು ಅವರೂ ಕೇಳಿಸಿಕೊಂಡಿದ್ದರಲ್ಲ, ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಅರ್ಧ ತಾಸಿನ ಮೇಲೆ ಒಂದು ಬಂಡೆಯ ನೆರಳಿನಲ್ಲಿ ಸಿಕ್ಕರು. ಟೀಚರಮ್ಮ ಕಲ್ಲಿಗೆ ಒರಗಿ ಕೂತಿದ್ದಾರೆ. ತಲೆಯ ಮೇಲೆ ಕುರಿ ಕಾಯೋ ಅಜ್ಜನೊಬ್ಬನ ಒದ್ದೆ ರುಮಾಲು. ಆ ಅಜ್ಜ ತನ್ನ ಕ್ಯಾನಿನ ನೀರನ್ನೆಲ್ಲ ಇವರಿಗೇ ಸುರಿದಿದ್ದಾನೆ. ಸುತ್ತ ಕುರಿಗಳು. ನನ್ನನ್ನು ನೋಡಿ ಟೀಚರಮ್ಮ, “ಅಯ್ಯೋ, ನೀವ್ಯಾಕೆ ಹೀಗೆ ಓಡಿ ಬಂದ್ರಿ? ಮೊದಲು ನೀವು ಕೂತ್ಕೊಳ್ಳಿ, ನಿಮಗೇ ಏನಾದ್ರೂ ಆದೀತು” ಅಂದರು. ಓಆರ್‌ಎಸ್ಸಿನ ಮೊದಲ ಗುಟುಕು ನನಗೇ ಕುಡಿಸಿದರು.

ಇಳಿದಾಗ ಎರಡು ದಾಟಿತ್ತು. ಡಾಕ್ಟರು ನೋಡಿ, ಬಿಪಿ ಸರಿ ಇದೆ, ಬಿಸಿಲು ಹೊಡೆದಿದೆ, ಸ್ವಲ್ಪ ಹೊತ್ತು ಮಲಗಿಸಿ ಅಂದರು. ಟೀಚರಮ್ಮ ನನ್ನನ್ನೇ ಕೇಳಿದರು. “ನಮ್ಮ ರೂಮು ಎಷ್ಟು ದೂರ ಇದೆಯಪ್ಪಾ?”

“ನಲವತ್ತು ಕಿಲೋಮೀಟರ್, ಮೇಡಂ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿಗೆ ಕರೆದುಕೊಂಡು ಹೋದೆ. ಬಿಲ್ಲು ಅಲ್ಲಿಯದೇ. ಫ್ಯಾನು ಕಿರ್ ಅನ್ನುತ್ತಿತ್ತು, ಲಿಫ್ಟು ಇಲ್ಲ, ಎಸಿ ಇಲ್ಲ. ಲಾಡ್ಜಿನ ಅಕ್ಕ ಹಾಸಿಗೆ ಬದಲಿಸಿ, ಒಂದು ಚೊಂಬು ಮಜ್ಜಿಗೆ ತಂದಿಟ್ಟು, ನನ್ನ ಕಿತ್ತುಹೋದ ಚಪ್ಪಲಿ ನೋಡಿ ಹೇಳಿದಳು. “ಗುಡ್ಡಾ ಹತ್ತೂ ಮಂದೀನ ಬಾಗಲಕೋಟ್ಯಾಗ ಇಳಸ್ತಾರೇನ್ರೀ?” ಹದಿನೈದು ವರ್ಷ ಈ ಕೆಲಸ ಮಾಡಿದವನಿಗೆ ಒಂದು ವಾಕ್ಯದಲ್ಲಿ ಟ್ರೇನಿಂಗ್ ಆಯಿತು.

ಸಂಜೆ ಅವರು ಅಲ್ಲೇ ಉಳಿಯೋದು ಅಂತ ತೀರ್ಮಾನ ಮಾಡಿದರು. ನಾನೂ ಮಗನೂ ನವನಗರಕ್ಕೆ ಹೋಗಿ ಏಳು ಜನರ ಬ್ಯಾಗು ತುಂಬಿಕೊಂಡು ಬಂದೆವು. ಹೋಗಿ ಬರೋದು ಎಂಬತ್ತು ಕಿಲೋಮೀಟರು, ಇಬ್ಬರೂ ಮಾತಿಲ್ಲ. ಮ್ಯಾನೇಜರ್ ಫೋನ್ ಮಾಡಿದ್ದು ಟೀಚರಮ್ಮ ಹೇಗಿದ್ದಾರೆ ಅಂತ ಕೇಳೋಕಲ್ಲ, “ರಿಟೆನ್ಷನ್ ಹಾಕ್ತಾರೆ, ಸ್ಲ್ಯಾಬ್ ಹೋಯ್ತು” ಅಂತ ಹೇಳೋಕೆ. ರಿಟೆನ್ಷನ್ ಅಂದರೆ ರೂಮು ಬಿಟ್ಟುಹೋದರೆ ಹೋಟೆಲಿನವರು ಹಿಡಿದುಕೊಳ್ಳುವ ದುಡ್ಡು.

ಆಮೇಲಿನ ಎರಡು ದಿನಕ್ಕೆ ನಾನು ಶೀಟು ಮಾಡಲೇ ಇಲ್ಲ. ಗೈಡ್ ಹುಡುಗ ಮಾಡಿದ. ಟೀಚರಮ್ಮ ಒಂದು ದಿನ ರೆಸ್ಟು, ಸಂಜೆ ಅಗಸ್ತ್ಯ ತೀರ್ಥದ ಕೆರೆ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ಮಾತ್ರ. ಉಳಿದವರು ಬೆಳಗ್ಗೆ ಆರಕ್ಕೆ ಲಾಡ್ಜಿನ ಬಾಗಿಲಿನಿಂದಲೇ ನಡೆಯುತ್ತಾ ಗುಡ್ಡದ ಹಳೇ ದಾರಿ ಹಿಡಿದು ಮಹಾಕೂಟಕ್ಕೆ ಹೋದರು. ಅಳಿಯ ಕಾರು ತೆಗೆದುಕೊಂಡು ಸುತ್ತಿ ಹೋಗಿ ಪುಷ್ಕರಣಿಯ ಹತ್ತಿರ ಕಾದರು. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಕಾರಿನಲ್ಲಿ, ಪಟ್ಟದಕಲ್ಲಿನ ರಸ್ತೆಯಲ್ಲಿ. ಮರುದಿನ ಐಹೊಳೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವ ಮೇಗುತಿ ಗುಡ್ಡದ ಮೆಟ್ಟಿಲನ್ನು ಟೀಚರಮ್ಮ ಬೆಳಗ್ಗೆ ತಂಪಿನಲ್ಲಿ ಯಾರ ಕೈಯೂ ಹಿಡಿಯದೆ ಹತ್ತಿದರಂತೆ. ದೂರು ಅಂತ ಬಂದದ್ದು ಒಂದೇ. ಬಾಲ್ಕನಿಯಲ್ಲಿಟ್ಟ ಕರದಂಟಿನ ಡಬ್ಬಿಯನ್ನು ಮಂಗ್ಯಾ ಎತ್ತಿಕೊಂಡು ಹೋಯಿತು.

ವಿಜಯಪುರಕ್ಕೆ ಅವರು ಹೋಗಲೇ ಇಲ್ಲ. “ಅದಕ್ಕೇ ಅಂತ ಇನ್ನೊಂದು ಸಲ ಬರ್ತೀವಿ” ಅಂದರು. ಯಾವ ಊರಿಗಾಗಿ ನಡುವೆ ರೂಮು ಹಾಕಿದ್ದೆನೋ ಆ ಊರೇ ಲಿಸ್ಟಿನಿಂದ ಬಿತ್ತು.

ಬಾದಾಮಿಯೇ ಯಾವಾಗಲೂ ಸರಿ ಅಂತಲ್ಲ. ಬನಶಂಕರಿಯ ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಅಲ್ಲಿ ರೂಮು ಕೇಳಿದರೆ ನಗುತ್ತಾರೆ, ರಸ್ತೆಯಲ್ಲಿ ಕಾರು ಅಲ್ಲಾಡಲ್ಲ. ನಡಿಗೆ ಇಲ್ಲದೆ ಕೂಡಲಸಂಗಮ, ಆಲಮಟ್ಟಿ ಅಂತ ಸುತ್ತುವವರಿಗೆ ನವನಗರ ಈಗಲೂ ಆರಾಮ. ಆದರೆ ನಮ್ಮ ಹೊಸ ಸಾಫ್ಟ್‌ವೇರಿಗೆ ಇದೆಲ್ಲ ಬೇಡ. ಊರುಗಳ ಹೆಸರು ಹಾಕಿ ಒಂದು ಬಟನ್ ಒತ್ತಿದರೆ ನಡುವಿನ ಊರನ್ನು ತೋರಿಸುತ್ತದೆ. ಹೋಟೆಲಿನ ಒಲೆ ಎಷ್ಟಕ್ಕೆ ಹೊತ್ತುತ್ತದೆ ಅಂತ ಬರೆಯೋಕೆ ಅದರಲ್ಲಿ ಕಾಲಮ್ಮೇ ಇಲ್ಲ. ನಾನು ಅದನ್ನು ರಿಮಾರ್ಕ್ಸ್‌ನಲ್ಲಿ ಬರೆಯುತ್ತೇನೆ. ಮಧ್ಯಾಹ್ನ ಸುಸ್ತಾದವರು ಹಾಸಿಗೆ ಮುಟ್ಟೋಕೆ ಎಷ್ಟು ನಿಮಿಷ ಅಂತಲೂ ಬರೆಯುತ್ತೇನೆ. ಸಬ್‌ಮಿಟ್ ಮಾಡಿದ ಮೇಲೆ ರಿಮಾರ್ಕ್ಸ್ ಯಾರೂ ಓದಲ್ಲ.

ಮೊನ್ನೆ ಮತ್ತೊಂದು ಎನ್‌ಕ್ವೈರಿ ಬಂದಿದೆ. ಬೆಳಗಾವಿ ಕಡೆ. ಹಲಸಿ, ಜಾಂಬೋಟಿ, ಕಣಕುಂಬಿ, ಜೊತೆಗೆ ಒಂದು ದಿನ ಗೋಕಾಕ ಫಾಲ್ಸ್. ಐದು ಜನ, ಕಾಡಲ್ಲಿ ನಡೀಬೇಕಂತೆ. ಮ್ಯಾನೇಜರ್ ನೋಡಿದ ಕೂಡಲೇ, “ಬೆಳಗಾವಿ ಹಾಕು, ಎಲ್ಲಾದಕ್ಕೂ ನಡುವ ಬರ್ತದ” ಅಂದರು. ನಾನು ಹೂಂ ಅಂದೆ, ಶೀಟು ಮಾತ್ರ ಇನ್ನೂ ಕಳಿಸಿಲ್ಲ. ಶನಿವಾರ ರಾತ್ರಿ ಬಸ್ಸಿಗೆ ಹೋಗಿ, ಆ ಕಾಡಿನ ತಾಲ್ಲೂಕು ಕೇಂದ್ರ ಖಾನಾಪುರದಲ್ಲಿ ಬೆಳಗ್ಗೆ ಎಷ್ಟೊತ್ತಿಗೆ ಚಹಾ ಸಿಗುತ್ತದೆ ಅಂತ ನೋಡಿಕೊಂಡು ಬರಬೇಕು. ಈ ಸಲ ಶೂ ಹಾಕಿಕೊಂಡು ಹೋಗುತ್ತೇನೆ.